ನಮ್ಮೂರಿನ ಟಿ.ವಿ. ಚರಿತ್ರೆ: ಆಂಟೆನಾದಿಂದ ಡಿಶ್ಶಿನ ತನಕ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಊರಿನ ಚರಿತ್ರೆಯ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು. ದೇವಸ್ಥಾನದ ಶಾಸನ, ಅರಸರ ಕಾಲ, ಇತ್ಯಾದಿ ಬರೆಯಲು ಊರಿನಲ್ಲಿ ಮಾಷ್ಟ್ರುಗಳು ಇದ್ದಾರೆ. ನಮಗೆ ಗೊತ್ತಿರುವುದು ನಮ್ಮ ಕಣ್ಣೆದುರು ನಡೆದ ಚರಿತ್ರೆ ಮಾತ್ರ. ಅದರಲ್ಲಿ ಟಿ.ವಿ.ಯ ಚರಿತ್ರೆಯೂ ಒಂದು.

"ಹಾಲಿನ ಸೊಸೈಟಿಗೂ ಟಿ.ವಿ.ಗೂ ಎಂತ ಸಂಬಂಧ ಮಾರಾಯ್ರೆ?" ಎಂದು ನಮ್ಮ ಮನೆಯಲ್ಲೇ ಕೇಳಿದರು. ಸಂಬಂಧ ಇದೆ. ನಮ್ಮ ಸೊಸೈಟಿಯ ಹಾಲಿನ ಸಾಲಿನಲ್ಲಿ ದಿನಾ ನಿಲ್ಲುತ್ತಿದ್ದ ಒಬ್ಬ ಅಜ್ಜಿಗೆ ನಾವು ಹೇಳಬೇಕಿದ್ದ ಒಂದು ಮಾತನ್ನು ಹೇಳಲಿಲ್ಲ. ಆ ಒಂದು ಮಾತಿನ ಕಥೆ ಈ ಚರಿತ್ರೆಯ ಒಳಗೆ ಬರುತ್ತದೆ. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ರೇಡಿಯೋ ಕಾಲ

ಟಿ.ವಿ. ಬರುವ ಮುಂಚೆ ನಮ್ಮ ಕಡೆ ರೇಡಿಯೋ ಇತ್ತು. ಅದೂ ಎಲ್ಲರ ಮನೆಯಲ್ಲಿ ಇಲ್ಲ. ನಮ್ಮ ಹಿರಿಯರು ಹೇಳುವ ಪ್ರಕಾರ ಮೊದಲು ಧಾರವಾಡ, ಬೆಂಗಳೂರು, ಸಿಲೋನ್ ಕೇಂದ್ರಗಳನ್ನು ಕಷ್ಟದಲ್ಲಿ ಹಿಡಿಯುತ್ತಿದ್ದರಂತೆ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಶುರುವಾಯಿತು. ಅದರ ಸ್ಟುಡಿಯೋ ಮಂಗಳೂರಿನ ಕದ್ರಿಯಲ್ಲಿ. ಆದರೆ 1089 ಕಿಲೋಹರ್ಟ್ಸಿನ ಪ್ರಸಾರ ಗೋಪುರ ನಿಂತದ್ದು ನಮ್ಮ ಬ್ರಹ್ಮಾವರದಲ್ಲಿ. ಹೈವೇಯ ಆ ಬಸ್ ಸ್ಟಾಪಿಗೆ ಆಕಾಶವಾಣಿ ಎಂಬ ಹೆಸರೇ ಬಿದ್ದುಹೋಗಿದೆ. ಕುಂದಾಪುರ, ಬೈಂದೂರಿನ ಮನೆಗಳಲ್ಲಿ ಯಕ್ಷಗಾನ, ಕೃಷಿ ಕಾರ್ಯಕ್ರಮ, ಮೀನುಗಾರರಿಗೆ ಹವಾಮಾನದ ಎಚ್ಚರಿಕೆ, ಎಲ್ಲ ಸ್ಪಷ್ಟವಾಗಿ ಕೇಳಲು ಶುರುವಾಯಿತು.

ನಮ್ಮ ಪಕ್ಕದ ಓಣಿಯಲ್ಲಿ ರೇಡಿಯೋದ ಮರ್ಲು ಇದ್ದವರು ಒಬ್ಬರಿದ್ದರು. ಹೆಸರು ಬರೆಯುವುದು ಬೇಡ, ಹಳಬರಿಗೆ ಗೊತ್ತಾಗುತ್ತದೆ. ಅವರಿಗೆ ಅದು ಉದ್ಯೋಗ ಅಲ್ಲ. ಬೆಳಗ್ಗೆ ಗದ್ದೆ ಕೆಲಸ, ರಾತ್ರಿ ಚಿಮಣಿ ದೀಪದಲ್ಲಿ ಸತ್ತ ರೇಡಿಯೋಗಳಿಗೆ ಬೆಸುಗೆ. ಯಾರಾದರೂ ದುಡ್ಡು ಕೊಡಲು ಹೋದರೆ "ಸೆಲ್ಲು ತಂದ್ ಕೊಡಿ, ಸಾಕ್" ಎನ್ನುತ್ತಿದ್ದರು. ಮುಂದೆ ಇಡೀ ಓಣಿಗೆ ಟಿ.ವಿ. ಬಂದಾಗ ಆಂಟೆನಾ ಏರಿಸಿದ್ದೂ ಇವರೇ.

ಟಿ.ವಿ. ಬಂತು

ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಕರ್ನಾಟಕದ ಹಳ್ಳಿಗಳಿಗೆ ಅದು ಮೊದಲು ಬಂದ ರೀತಿ ಬಹಳ ಜನರಿಗೆ ತಿಳಿದಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈ ತನಕ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹದ ಮೂಲಕ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಯೋಗವೆಂದು ಟಿ.ವಿ. ತೋರಿಸಿದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಸುಮಾರು ಹತ್ತು ಅಡಿ ಅಗಲದ ಡಿಶ್ ಮಾಡಿ, ಊರ ನಡುವೆ ಒಂದು ಟಿ.ವಿ. ಇಟ್ಟು, ಊರಿಗೆ ಊರೇ ಕೂತು ನೋಡಿತು. ವರ್ಷ ಮುಗಿದ ಕೂಡಲೇ ಉಪಗ್ರಹ ಹೋಯಿತು, ಟಿ.ವಿ.ಯೂ ನಿಂತಿತು. ಅಂದರೆ ಹಳ್ಳಿಯ ಮಟ್ಟಿಗೆ ಡಿಶ್ ಹೊಸದಲ್ಲ. ಆಂಟೆನಾಕ್ಕಿಂತ ಮುಂಚೆಯೇ ಬಂದು ಹೋದದ್ದು.

ನಮ್ಮ ಕರಾವಳಿಗೆ ಬಂದದ್ದು ಆಂಟೆನಾದ ಟಿ.ವಿ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಸಮಯದಲ್ಲಿ ಕಲರ್ ಪ್ರಸಾರ ಶುರುವಾಯಿತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ದೇಶದಾದ್ಯಂತ ದೂರದರ್ಶನದ ಮರುಪ್ರಸಾರ ಕೇಂದ್ರಗಳು ತೆರೆದವು. ಅವುಗಳಲ್ಲಿ ಹೆಚ್ಚಿನವು 100 ವ್ಯಾಟಿನ ಸಣ್ಣ ಕೇಂದ್ರಗಳು. ಸುತ್ತ 20-25 ಕಿಲೋಮೀಟರ್ ಮಾತ್ರ ಸರಿಯಾಗಿ ಮುಟ್ಟುತ್ತಿದ್ದವು. ಟಿ.ವಿ. ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಹಿಂದೆ ಇರುವವರಿಗೆ ಇಲ್ಲ. ನಮಗೆ ಮೂಡು ದಿಕ್ಕಿಗೆ ಘಟ್ಟ ಗೋಡೆಯ ಹಾಗೆ ನಿಂತಿದೆ, ಕೊಡಚಾದ್ರಿಯೇ 1,343 ಮೀಟರ್ ಎತ್ತರ. ಬೆಂಗಳೂರಿನ ದೊಡ್ಡ ಕೇಂದ್ರದ ಅಲೆ ಇಲ್ಲಿಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಕರಾವಳಿಯ ಸಣ್ಣ ಕೇಂದ್ರವನ್ನೇ ನಂಬಿ, ತೆಂಗಿನ ಮರದ ತಲೆಗೆ, ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಬೇಕಾಯಿತು.

ಮೀನಿನ ಮುಳ್ಳಿನ ಹಾಗೆ ಕಾಣುವ ಆ ಆಂಟೆನಾಕ್ಕೆ ಯಾಗಿ ಎಂದು ಹೆಸರು. ಯಾಗಿ ಮತ್ತು ಉಡಾ ಎಂಬ ಜಪಾನಿನ ಇಬ್ಬರು ಪಂಡಿತರು 1926ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದವರು. ಅದರ ಮೂತಿ ಕೇಂದ್ರದ ಕಡೆಗೆ ಸರಿಯಾಗಿ ಇದ್ದರೆ ಚಿತ್ರ, ಸ್ವಲ್ಪ ಸರಿದರೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ.

1987ರ ಜನವರಿ 25ರಿಂದ ಆದಿತ್ಯವಾರ ಬೆಳಗ್ಗೆ ರಾಮಾಯಣ ಶುರುವಾಯಿತು. ನಾವು ಆಗ ಪ್ರೈಮರಿ ಶಾಲೆಯ ಮಕ್ಕಳು. ನಮ್ಮ ವಠಾರದಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಬ್ಲ್ಯಾಕ್ ಅಂಡ್ ವೈಟ್, ಮರದ ಬಾಗಿಲು ಎಳೆದು ಮುಚ್ಚುವಂಥದ್ದು. ಚಾವಡಿ ತುಂಬಿ ಅಂಗಳದ ತನಕ ಜನ. ಗಾಳಿಗೆ ಆಂಟೆನಾ ತಿರುಗಿತು ಎಂದರೆ ರೇಡಿಯೋದವರು ಮರ ಹತ್ತಬೇಕು. ಮೇಲಿಂದ ಅವರು "ಬಂತಾ?" ಎಂದು ಕೂಗುವುದು, ಅಂಗಳದಲ್ಲಿ ನಿಂತ ನಾವು ಒಳಗೆ ನೋಡಿ "ಇಲ್ಯಾ, ಸ್ವಲ್ಪ ತೆಂಕಕ್ಕೆ!" ಎನ್ನುವುದು, ಆಮೇಲೆ ಒಳಗಿನಿಂದ ಎಲ್ಲರೂ ಒಟ್ಟಿಗೆ "ಬಂತ್, ಬಂತ್!" ಎನ್ನುವಾಗ ಅವರು ಹಗ್ಗ ಬಿಗಿಯುವುದು. ಅಷ್ಟರಲ್ಲಿ ಒಂದು ಕಾಗೆ ಬಂದು ಕೂತರೆ ಮತ್ತೆ ಹೋಯಿತು. ಕರೆಂಟು ಇಲ್ಲದ ಕಡೆ ಬ್ಯಾಟರಿಗೆ ಟಿ.ವಿ. ಜೋಡಿಸಿ ನೋಡಿದವರೂ ಇದ್ದಾರೆ. ರಾಮಾಯಣ 1988ರ ಜುಲೈಗೆ ಮುಗಿಯಿತು, ಅಕ್ಟೋಬರ್ 2ಕ್ಕೆ ಮಹಾಭಾರತ ಬಂತು. ಅದು 1990ರ ಜೂನ್‌ನಲ್ಲಿ ಮುಗಿಯುವಾಗ ನಮ್ಮ ವಠಾರದಲ್ಲಿ ಆಂಟೆನಾ ಒಂದಲ್ಲ, ಏಳು ಆಗಿತ್ತು. ಏಳನ್ನೂ ಏರಿಸಿದ್ದು ಅದೇ ಎರಡು ಕೈ.

ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಒಂದು ಸೋಜಿಗ ನಡೆಯುತ್ತಿತ್ತು. ನಮ್ಮ ಕೇಂದ್ರ ಬಂದ್ ಆದ ಮೇಲೆ ಟಿ.ವಿ.ಯಲ್ಲಿ ಯಾವುದೋ ತಿಳಿಯದ ಭಾಷೆಯ ಚಿತ್ರ ಮಸುಕಾಗಿ ಬಂದು ಹೋಗುವುದು. ದೆವ್ವದ ಕಾಟ ಎಂದವರೂ ಇದ್ದರು. ರೇಡಿಯೋದವರು ಮಾತ್ರ ನಗುತ್ತಿದ್ದರು. ಸಮುದ್ರದ ಮೇಲೆ ಬಿಸಿ ಗಾಳಿಯ ಪದರ ಕೂತರೆ ಅಲೆ ಅದರ ಕೆಳಗೆ ಕೊಳವೆಯಲ್ಲಿ ಹರಿದ ಹಾಗೆ ನೂರಾರು ಮೈಲಿ ಹರಿದು ಬರುತ್ತದೆ, ಇದನ್ನು ಹಿಡಿಯಲಿಕ್ಕೇ ರಾತ್ರಿ ಕಾಯುವ ಜನ ಲೋಕದಲ್ಲಿ ಇದ್ದಾರೆ, ಅವರಲ್ಲಿ ಹ್ಯಾಮ್ ಎನ್ನುವವರೂ ಇದ್ದಾರೆ, ಎಂದು ಅವರು ಹೇಳಿದ್ದು. ಹ್ಯಾಮ್ ಎಂಬ ಶಬ್ದ ನಾವು ಕೇಳಿದ್ದು ಅದೇ ಮೊದಲು.

ಕೇಬಲ್, ಆಮೇಲೆ ಪೆಟ್ಟಿಗೆ

1990ರ ನಂತರ ಪೇಟೆಯಲ್ಲಿ ಕೇಬಲ್ ಶುರುವಾಯಿತು. 1994ರಲ್ಲಿ ಉದಯ ಟಿ.ವಿ. ಬಂತು. ಅದೇ ವರ್ಷ ನಾವು ಎಸ್.ಎಸ್.ಎಲ್.ಸಿ. ಬರೆದದ್ದು, ಅಂಕ ಎಷ್ಟು ಬಂತು ಎಂದು ಇಲ್ಲಿ ಬೇಡ. ಕುಂದಾಪುರ, ಬ್ರಹ್ಮಾವರದಂಥ ಪೇಟೆಯ ಸುತ್ತ ಕಂಬದಿಂದ ಕಂಬಕ್ಕೆ ಕರಿ ವಯರು ಎಳೆದರು. ಬೈಂದೂರಿನ ಒಳಗಿನ ಹಳ್ಳಿಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ಗದ್ದೆ, ಒಂದು ತೋಡು ದಾಟಬೇಕು. ಅಲ್ಲಿಗೆ ವಯರು ಎಳೆದರೆ ಕೇಬಲಿನವರಿಗೆ ಅಸಲೂ ಹುಟ್ಟುವುದಿಲ್ಲ. ಅಂಥ ಮನೆಗಳಲ್ಲಿ ಆಂಟೆನಾವೇ ಉಳಿಯಿತು.

2004ರ ಡಿಸೆಂಬರ್ 16ರಂದು ದೂರದರ್ಶನದವರು ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಡಿಶ್ ಸೇವೆ ಶುರುಮಾಡಿದರು. ಸೆಟ್ಟು ಒಮ್ಮೆ ಕೊಂಡರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಮೊದಲು 33 ಚಾನೆಲ್ ಇತ್ತು. ಈಗ ಅದಕ್ಕೆ ಡಿ.ಡಿ. ಫ್ರೀ ಡಿಶ್ ಎಂದು ಹೆಸರು. ತಿಂಗಳ ದುಡ್ಡು ಕಟ್ಟುವ ಖಾಸಗಿ ಡಿಶ್‌ಗಳೂ ಬಂದವು.

2011ರ ಕೊನೆಗೆ ಕೇಬಲ್ ಕಾನೂನಿಗೆ ತಿದ್ದುಪಡಿಯಾಗಿ ಎಲ್ಲ ಕೇಬಲ್ ಡಿಜಿಟಲ್ ಆಗಬೇಕೆಂದು ತೀರ್ಮಾನವಾಯಿತು. ನಾಲ್ಕು ಹಂತ. ಮೊದಲು 2012ರಲ್ಲಿ ದೆಹಲಿ, ಮುಂಬಯಿಯಂಥ ಮಹಾನಗರಗಳು. 2013ರಲ್ಲಿ ಬೆಂಗಳೂರು, ಮೈಸೂರು ಸೇರಿದ 38 ನಗರಗಳು. ಮೂರನೆಯದು ಉಳಿದ ಪಟ್ಟಣಗಳು. ಕೊನೆಗೆ ನಮ್ಮಂಥ ಹಳ್ಳಿಗಳು. ನಮ್ಮ ಗಡುವು 2017ರ ಮಾರ್ಚ್ 31ರ ತನಕ ಮುಂದೆ ಹೋಯಿತು. ಕೇಬಲ್ ಇದ್ದವರ ಮನೆಗೆ ಸೆಟ್ ಟಾಪ್ ಬಾಕ್ಸ್ ಎಂಬ ಪೆಟ್ಟಿಗೆ ಬಂತು. ಪೆಟ್ಟಿಗೆಗೊಂದು ರಿಮೋಟು, ಟಿ.ವಿ.ಗೊಂದು ರಿಮೋಟು. ಪ್ರಾಯದವರಿಗೆ ಯಾವುದನ್ನು ಒತ್ತುವುದು ಎಂದು ತಿಳಿಯದೆ, ಮೊಮ್ಮಕ್ಕಳು ಶಾಲೆಯಿಂದ ಬರುವ ತನಕ ಟಿ.ವಿ. ಎದುರು ಸುಮ್ಮನೆ ಕೂತಿರುತ್ತಿದ್ದರು. 2019ರ ಫೆಬ್ರವರಿಯಲ್ಲಿ ಇನ್ನೊಂದು ಬದಲಾವಣೆ: ಚಾನೆಲನ್ನು ಆರಿಸಿ ಪಟ್ಟಿ ಕೊಡಬೇಕು, 100 ಚಾನೆಲಿಗೆ 130 ರೂಪಾಯಿ ಮತ್ತು ತೆರಿಗೆ, ದುಡ್ಡಿನ ಚಾನೆಲಿಗೆ ಬೇರೆ. ಆ ಪಟ್ಟಿ ತುಂಬಿಸಲು ನಮ್ಮ ಸೊಸೈಟಿಯ ಜಗಲಿಯಲ್ಲಿ ಎಷ್ಟು ಜನ ಕಾರ್ಯದರ್ಶಿಯವರ ಹತ್ತಿರ ಕನ್ನಡಕ ಕೇಳಿದರು ಎಂಬುದು ಹಾಲು ಹಾಕುವ ಎಲ್ಲರಿಗೂ ನೆನಪಿದೆ.

ಇದೆಲ್ಲ ಕೇಬಲಿನವರ ಕಥೆ. ಆಂಟೆನಾದವರ ಕಥೆ ಇನ್ನೂ ಸದ್ದಿಲ್ಲದೆ ಮುಗಿಯಿತು. ನೋಡುವವರು ಕಡಿಮೆಯಾದರು, ಖರ್ಚು ಹಾಗೇ ಉಳಿಯಿತು ಎಂಬ ಕಾರಣಕ್ಕೆ ಪ್ರಸಾರ ಭಾರತಿಯವರು ಹಳೆಯ ಅನಲಾಗ್ ಕೇಂದ್ರಗಳನ್ನು ಹಂತಹಂತವಾಗಿ ಮುಚ್ಚುತ್ತ ಬಂದರು. 2022ರ ಮಾರ್ಚ್ ಕೊನೆಗೆ ಇಡೀ ದೇಶದಲ್ಲಿ ಗಡಿ ಮುಂತಾದ ಮುಖ್ಯ ಜಾಗಗಳ ಸುಮಾರು 50 ಕೇಂದ್ರ ಬಿಟ್ಟರೆ ಉಳಿದವೆಲ್ಲ ಬಂದ್. ಲೆಕ್ಕದ ದೃಷ್ಟಿಯಿಂದ ಆ ತೀರ್ಮಾನ ತಪ್ಪು ಎಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕಕ್ಕೆ ಸಿಗದ ಕೆಲವು ಮನೆಗಳು ಇದ್ದವು.

ಹೇಳದೆ ಉಳಿದ ಮಾತು

ನಾವು ಮೊದಲು ಹೇಳಿದ ಅಜ್ಜಿಯ ಮನೆ ಅಂಥದ್ದು. ತೋಡಿನ ಆಚೆ ಒಂಟಿ ಮನೆ. ಎರಡು ದನ, ಬೆಳಗ್ಗೆ ಮೂರು ಲೀಟರ್, ಸಂಜೆ ಎರಡು. ಮಗ ಮುಂಬಯಿ ಹೋಟೆಲಿನಲ್ಲಿ. ಅವನು ಹಿಂದೆ ಯಾವಾಗಲೋ ತಂದುಕೊಟ್ಟ ಸಣ್ಣ ಕಲರ್ ಟಿ.ವಿ., ಮಾಡಿನ ಮೇಲೆ ನಮ್ಮ ರೇಡಿಯೋದವರು ಏರಿಸಿದ ಆಂಟೆನಾ. ಸಂಜೆ ಹಾಲು ಹಾಕಿ ಹೋಗಿ ಕನ್ನಡ ಕಾರ್ಯಕ್ರಮ ನೋಡಿ ಮಲಗುವುದು ಅವರ ಕ್ರಮ. ರೇಡಿಯೋದವರು ಆ ಹೊತ್ತಿಗೆ ತೀರಿಕೊಂಡಿದ್ದರು.

ಒಂದು ಸಂಜೆ ಅಜ್ಜಿಯ ಟಿ.ವಿ.ಯಲ್ಲಿ ಚಿತ್ರ ಹೋಯಿತು. ಬರೀ ಬಿಳಿ ಚುಕ್ಕಿ. ಟಿ.ವಿ. ಹಾಳಾಯಿತು ಎಂದು ಅವರು ತಿಳಿದರು. ರಿಪೇರಿಗೆ ಎಂದು ಪೇಟೆಯ ಒಂದು ಅಂಗಡಿಗೆ ಆಟೋದಲ್ಲಿ ಕಳಿಸಿದರು. ಅಂಗಡಿಯವರು "ಇದು ಹಳೇ ಸೆಟ್ಟು, ಇನ್ನು ಆಗೂದಿಲ್ಲ, ಹೊಸತು ತಕಣಿ" ಎಂದರಂತೆ. ಕೇಂದ್ರವೇ ಬಂದ್ ಆಗಿದೆ ಎಂದು ಹೇಳಲಿಲ್ಲ. ಹೊಸತಿಗೆ ದುಡ್ಡಿಲ್ಲ. ಟಿ.ವಿ.ಯನ್ನು ಗುಜರಿಯವನಿಗೆ 100 ರೂಪಾಯಿಗೆ ಕೊಟ್ಟರು. ಆಮೇಲೆ ಎರಡು ಮಳೆಗಾಲ ಅಜ್ಜಿ ಸಂಜೆ ಹೊತ್ತು ಸುಮ್ಮನೆ ಬಾಗಿಲಲ್ಲಿ ಕೂತರು.

ಈಗ ನಮ್ಮ ತಪ್ಪು ಹೇಳಬೇಕು. ಕೇಂದ್ರಗಳು ಮುಚ್ಚುತ್ತವೆ ಎಂಬ ಸುದ್ದಿಯನ್ನು ನಾವು ಪೇಪರಿನಲ್ಲಿ ಓದಿದ್ದೆವು. ಆ ಪೇಪರು ಬರುವುದು ಸೊಸೈಟಿಗೇ, ಓದಿದ್ದು ಸೊಸೈಟಿಯ ಬೆಂಚಿನಲ್ಲೇ. ಅಜ್ಜಿ ಕ್ಯಾನು ಹಿಡಿದು ಎದುರೇ ನಿಂತಿದ್ದರು. ನಮ್ಮ ಮನೆಗೆ ಆಗಲೇ ಡಿಶ್ ಬಂದಿತ್ತು. ಹಾಗಾಗಿ ಆ ಸುದ್ದಿ ಯಾರಿಗೋ ಸಂಬಂಧಪಟ್ಟದ್ದು ಎಂದು ಪುಟ ತಿರುಗಿಸಿದೆವು. ಅಜ್ಜಿ ಟಿ.ವಿ. ಮಾರಿದ್ದು ನಮಗೆ ತಿಳಿದದ್ದು ಬಹಳ ಕಾಲದ ನಂತರ.

ಅಮೆರಿಕದಲ್ಲಿ ನಡೆದದ್ದು

ಅದೇ ಸುಮಾರಿಗೆ ನಮ್ಮೂರಿನವರೊಬ್ಬರ ಮಗ ಅಮೆರಿಕದಿಂದ ಕೋಲಕ್ಕೆ ಊರಿಗೆ ಬಂದಿದ್ದರು. ಮಾತಿಗೆ ಮಾತು ಬಂದು ಅಜ್ಜಿಯ ಟಿ.ವಿ. ವಿಷಯ ಹೇಳಿದಾಗ, ಅವರು ಅಲ್ಲಿ ನಡೆದದ್ದನ್ನು ವಿವರಿಸಿದರು. ಆಮೇಲೆ ನಾವೂ ಆ ಬಗ್ಗೆ ಓದಿ ತಿಳಿದುಕೊಂಡೆವು.

ಅಮೆರಿಕದಲ್ಲಿ ದೊಡ್ಡ ಟಿ.ವಿ. ಕೇಂದ್ರಗಳೆಲ್ಲ ಅನಲಾಗ್ ನಿಲ್ಲಿಸಿ ಡಿಜಿಟಲ್ ಆಗಲು 2009ರ ಫೆಬ್ರವರಿ 17 ಎಂದು ದಿನ ಗೊತ್ತಾಗಿತ್ತು. ಹಳೆಯ ಟಿ.ವಿ. ಇದ್ದವರು ಒಂದು ಪರಿವರ್ತಕ ಪೆಟ್ಟಿಗೆ ಜೋಡಿಸಿದರೆ ಸಾಕು, ಟಿ.ವಿ. ಬಿಸಾಡಬೇಕಿಲ್ಲ. ಪೆಟ್ಟಿಗೆ ಕೊಳ್ಳಲು ಸರಕಾರ 40 ಡಾಲರಿನ ಕೂಪನ್ನು, ಮನೆಗೆ ಎರಡರಂತೆ, ಕೊಟ್ಟಿತು. ಆದರೆ 2009ರ ಜನವರಿಗೆ ಕೂಪನ್ನಿನ ಹಣ ಸಾಲದೆ ಜನ ಸಾಲಿನಲ್ಲಿ ಕಾಯುವಂತಾಯಿತು. ಎಷ್ಟೋ ಬಡವರು, ಮುದುಕರು ತಯಾರಾಗಿಲ್ಲ ಎಂದು ದಿನವನ್ನು ಜೂನ್ 12ಕ್ಕೆ ಮುಂದೆ ಹಾಕಿದರು.

ಪೆಟ್ಟಿಗೆ ಸಿಕ್ಕಿದವರಿಗೂ ಕಷ್ಟ ತಪ್ಪಲಿಲ್ಲ. ಅನಲಾಗಿನಲ್ಲಿ ಅಲೆ ಕಡಿಮೆಯಾದರೆ ಚುಕ್ಕಿ ಚುಕ್ಕಿಯಾಗಿಯಾದರೂ ಚಿತ್ರ ಕಾಣುತ್ತದೆ. ಡಿಜಿಟಲಿನಲ್ಲಿ ಹಾಗಲ್ಲ. ಅಲೆ ಬೇಕಾದಷ್ಟು ಇದ್ದರೆ ಕನ್ನಡಿಯ ಹಾಗೆ ಚಿತ್ರ. ಒಂಚೂರು ಕಡಿಮೆಯಾದರೆ ಚಿತ್ರ ತುಂಡು ತುಂಡಾಗಿ ನಿಂತೇ ಹೋಗುತ್ತದೆ. ಹಾಗಾಗಿ ಹಳೆಯ ಆಂಟೆನಾ ಸರಿಯಾಗಬೇಕು, ದಿಕ್ಕು ಸರಿಯಾಗಬೇಕು, ಕೇಂದ್ರ ತನ್ನ ಚಾನೆಲ್ ಬದಲಿಸಿದರೆ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ಹುಡುಕಿಸಬೇಕು. ಇದನ್ನು ಮನೆ ಮನೆಗೆ ಹೋಗಿ ಮಾಡಿಕೊಡುವವರು ಯಾರು?

ಆಗ ಎಫ್.ಸಿ.ಸಿ. ಎಂಬ ಅಲ್ಲಿನ ಸಂಪರ್ಕ ಆಯೋಗದವರಿಗೆ ಹ್ಯಾಮ್‌ಗಳ ನೆನಪಾಯಿತು. ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ಲೈಸೆನ್ಸು ಪಡೆದು ಸ್ವಂತ ರೇಡಿಯೋದಲ್ಲಿ ದೇಶ ವಿದೇಶದವರ ಜೊತೆ ಮಾತಾಡುವವರು. ಅವರದ್ದು ಅಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ, 1914ರಲ್ಲಿ ಹುಟ್ಟಿದ ದೊಡ್ಡ ಸಂಘ. 2009ರ ಆರಂಭದಲ್ಲಿ ಆಯೋಗ ಆ ಸಂಘದ ನೆರವು ಕೇಳಿತು. ಸಂಘ ತನ್ನ ಸದಸ್ಯರಿಗೆ ಕರೆ ಕೊಟ್ಟಿತು. ಊರಿನವರಿಗೆ ವಿಷಯ ತಿಳಿಸುವುದು, ಯಾವ ಪೆಟ್ಟಿಗೆ, ಯಾವ ಆಂಟೆನಾ ಎಂದು ಹೇಳುವುದು, ಸಿಕ್ಕು ಬಿದ್ದವರಿಗೆ ದಾರಿ ತೋರಿಸುವುದು ಈ ಸ್ವಯಂಸೇವಕರ ಕೆಲಸ.

ಹ್ಯಾಮ್‌ಗಳನ್ನೇ ಏಕೆ ಕೇಳಿದರು? ಅವರಿಗೆ ಆಂಟೆನಾ, ವಯರು, ಅಲೆಯ ಗುಣ ಕೈಯ ರೇಖೆಯ ಹಾಗೆ ಗೊತ್ತು. ಇನ್ನೂ ಒಂದು ಕಾರಣ ನಮಗೆ ಬಹಳ ಹಿಡಿಸಿತು. ಹ್ಯಾಮ್ ಮಾತಾಡಲು ಶುರುಮಾಡಿದರೆ ಪಕ್ಕದ ಮನೆಯ ಟಿ.ವಿ.ಯಲ್ಲಿ ಅಡ್ಡಗೆರೆ ಬೀಳುವುದು ಹಳೆಯ ತಕರಾರು. ನೆರೆಯವರ ಬೈಗುಳ ಕೇಳಿ ಕೇಳಿ, ಅವರ ಟಿ.ವಿ.ಗೆ ಫಿಲ್ಟರ್ ಹಾಕಿಕೊಟ್ಟು, ಆಂಟೆನಾ ಸರಿಮಾಡಿಕೊಟ್ಟು ಹ್ಯಾಮ್‌ಗಳು ಮೊದಲೇ ಪಳಗಿದ್ದರು. ಜಗಳದಿಂದ ಕಲಿತ ವಿದ್ಯೆ ಕೊನೆಗೆ ಉಪಕಾರಕ್ಕೆ ಬಂತು. ನಮ್ಮಲ್ಲಿ ಗದ್ದೆಯ ನೀರಿಗೆ ಜಗಳಾಡಿದವರೇ ಒಟ್ಟು ಸೇರಿ ಕಟ್ಟ ಕಟ್ಟುವುದಿಲ್ಲವೇ, ಹಾಗೆ.

ಇಂಗ್ಲೆಂಡಿನ ಕಡೆಯೂ 2007ರಿಂದ 2012ರ ಒಳಗೆ ಊರೂರಾಗಿ ಬದಲಾವಣೆ ಮಾಡುವಾಗ, 75 ವರ್ಷ ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಗೆ ಹೋಗಿ ಪೆಟ್ಟಿಗೆ ಜೋಡಿಸಿಕೊಡುವ ಯೋಜನೆ ಇತ್ತು. ದೊಡ್ಡ ದೊಡ್ಡ ದೇಶಗಳಿಗೂ ಕೊನೆಗೆ ಬೇಕಾದದ್ದು ಮನೆ ಬಾಗಿಲಿಗೆ ಹೋಗುವ ಒಬ್ಬ ಮನುಷ್ಯ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ಹ್ಯಾಮ್‌ಗಳು

ನಮ್ಮಲ್ಲೂ ಹ್ಯಾಮ್‌ಗಳು ಇದ್ದಾರೆ. 12 ವರ್ಷ ತುಂಬಿದ ಯಾರೂ ಕೇಂದ್ರ ಸರಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ಪಡೆಯಬಹುದು. ಬೆಂಗಳೂರು, ಮಂಗಳೂರುಗಳಲ್ಲಿ ಹ್ಯಾಮ್ ಕ್ಲಬ್ಬುಗಳಿವೆ. ಪ್ರತಿಯೊಬ್ಬರಿಗೂ ವಿ.ಯು. ಎಂದು ಶುರುವಾಗುವ ಒಂದು ಗುರುತು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಈ ರೇಡಿಯೋವನ್ನು ದುಡ್ಡು ಸಂಪಾದನೆಗೆ ಬಳಸಬಾರದು ಎಂಬುದು ಅವರ ಮೊದಲ ನಿಯಮ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೆಹಲಿಯ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಂಡದೊಂದಿಗೆ ಅಂಡಮಾನಿನಲ್ಲಿದ್ದರು. ಹವ್ಯಾಸಕ್ಕೆಂದು ಹೋದವರು. ಫೋನು ಸತ್ತುಹೋದ ಆ ದಿನಗಳಲ್ಲಿ, ಬದುಕಿದ್ದೇವೆ ಎಂಬ ಸುದ್ದಿಯನ್ನು ದ್ವೀಪದಿಂದ ಮನೆಯವರಿಗೆ ಮುಟ್ಟಿಸಿದ್ದು ಅವರ ರೇಡಿಯೋ. ಮುಂದೆ 2005ರ ಮೇ 5ರಂದು ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಎಂಬ ಸಣ್ಣ ಉಪಗ್ರಹವನ್ನು ಇಸ್ರೋದವರು ಹಾರಿಸಿದರು.

2020ರ ಸೆಪ್ಟೆಂಬರ್ 20ರ ನೆರೆ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಆ ಬೆಳಗ್ಗೆ ನಮ್ಮ ಕಡೆ ಕರೆಂಟು ಇಲ್ಲ, ಮೊಬೈಲು ಇಲ್ಲ, ಮೋಡ ದಪ್ಪ ಇದ್ದದ್ದಕ್ಕೆ ಬ್ಯಾಟರಿಗೆ ಹಾಕಿದರೂ ಡಿಶ್ಶಿನ ಚಿತ್ರ ಇಲ್ಲ. ನಮ್ಮ ತಂದೆಯವರ ಹಳೇ ಟ್ರಾನ್ಸಿಸ್ಟರಿಗೆ ಸೆಲ್ಲು ಹಾಕಿದಾಗ ಮಾತ್ರ ಮನುಷ್ಯರ ಧ್ವನಿ ಕೇಳಿಸಿತು. ಹೊಸತು ಬಂತೆಂದು ಹಳತನ್ನು ಗುಜರಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು ಎಂದು ನಮಗೆ ಅನಿಸಿದ್ದು ಅವತ್ತು.

ಅಜ್ಜಿಯ ಮಾಡಿಗೆ ಡಿಶ್

ಅಮೆರಿಕದ ಕಥೆ ಕೇಳಿದ ಮೇಲೆ ನಮಗೆ ಸುಮ್ಮನೆ ಕೂರಲು ಆಗಲಿಲ್ಲ. ಸೊಸೈಟಿಗೆ ಹಾಲು ಹಾಕುವ ಮನೆಗಳ ಮೂರು ಹುಡುಗರು, ಐ.ಟಿ.ಐ. ಓದುವವನೊಬ್ಬ, ಕಾಲೇಜಿನವರಿಬ್ಬರು, ನಮ್ಮ ಜೊತೆ ಸೇರಿದರು. ಒಂದು ಮನೆಯವರು ಮೂಲೆಯಲ್ಲಿದ್ದ ಹಳೆಯ ಟಿ.ವಿ. ಕೊಟ್ಟರು. ಫ್ರೀ ಡಿಶ್ಶಿನ ಸೆಟ್ಟಿಗೆ ನಾಲ್ಕು ಜನ ದುಡ್ಡು ಹಾಕಿದೆವು. ಒಂದು ಆದಿತ್ಯವಾರ ಅಜ್ಜಿಯ ಮಾಡು ಹತ್ತಿದೆವು.

ಇಲ್ಲಿ ಸದಸ್ಯರಿಗೆ ಉಪಯೋಗವಾಗುವ ಎರಡು ಮಾತು. ಫ್ರೀ ಡಿಶ್ಶಿನ ಉಪಗ್ರಹ ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವದಲ್ಲಿದೆ. ಈ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ಕಡೆಗೂ ಡಿಶ್ ನೋಡಬೇಕಾದದ್ದು ಮೂಡು-ತೆಂಕಿನ ಮೂಲೆಗೆ, ಅಂದರೆ ಆಗ್ನೇಯಕ್ಕೆ. ಮೂಡಿನಿಂದ ಸುಮಾರು 35 ಡಿಗ್ರಿ ತೆಂಕಕ್ಕೆ. ಉಪಗ್ರಹ ನೆಲದಿಂದ ಸುಮಾರು 63 ಡಿಗ್ರಿ ಮೇಲಿದೆ. ಡಿಶ್ಶಿನ ಆಕಾರದಿಂದಾಗಿ ಅದು ನೋಡಲು ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣುವುದಿಲ್ಲ, ಹೆದರಬೇಡಿ. ಆ ದಿಕ್ಕಿಗೆ ತೆಂಗಿನ ಗರಿ, ಹಲಸಿನ ಗೆಲ್ಲು ಅಡ್ಡ ಇರಬಾರದು. ಜೋರು ಮಳೆಯಲ್ಲಿ ಚಿತ್ರ ನಿಲ್ಲುವುದು ಡಿಶ್ ಹಾಳಾಗಿ ಅಲ್ಲ. ಆ ಅಲೆಯನ್ನು ಮಳೆ ಹನಿ ಹೀರುತ್ತದೆ. ಮಳೆ ಬಿಟ್ಟರೆ ತಾನಾಗಿ ಬರುತ್ತದೆ. ಇನ್ನೊಂದು, ಹಳೆಯ ಪೆಟ್ಟಿಗೆಗಳಲ್ಲಿ ಹೊಸ ಎಂಪೆಗ್-4 ಕ್ರಮದ ಚಾನೆಲ್ ಬರುವುದಿಲ್ಲ. ಅದಕ್ಕೆ ಬದಲಿಸಬೇಕಾದದ್ದು ಪೆಟ್ಟಿಗೆಯನ್ನು, ಟಿ.ವಿ.ಯನ್ನಲ್ಲ.

ಐ.ಟಿ.ಐ. ಹುಡುಗ ಮೇಲಿನಿಂದ "ಬಂತಾ?" ಎಂದು ಕೂಗಿದ. ಮೂವತ್ತು ವರ್ಷದ ನಂತರ ಅದೇ ಮಾತು. ಒಳಗಿನಿಂದ ನಾವು "ಬಂತ್, ಬಂತ್" ಎಂದೆವು. ಚಂದನ ಚಾನೆಲಿನಲ್ಲಿ ಏನೋ ಹಾಡು ಬರುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ನಮ್ಮ ಕಡೆ ತಿರುಗಿ, "ಇಷ್ಟೇ ಆದ್ರೆ ಮುಂಚೆಯೇ ಹೇಳೂಕ್ ಆತಿರ್ಲಿಲ್ಯಾ ಮಗಾ?" ಎಂದರು. ಸಿಟ್ಟಿನಲ್ಲಿ ಅಲ್ಲ, ಸುಮ್ಮನೆ ಕೇಳಿದ್ದು. ನಮಗೆ ಉತ್ತರ ಕೊಡಲು ಆಗಲಿಲ್ಲ. ಅವರು ಕೊಟ್ಟ ಬೆಲ್ಲ ನೀರು ಕುಡಿದು ಬಂದೆವು.

ಸಂಘದ ಕೆಲಸ

ನಮ್ಮ ಸೊಸೈಟಿಯಲ್ಲೂ ಇಂಥ ಬದಲಾವಣೆ ಆಗಿದೆ. ಮೊದಲು ಡಿಗ್ರಿ ನೋಡಿ ಹಾಲು ತೆಗೆದುಕೊಳ್ಳುತ್ತಿದ್ದೆವು. ಆಮೇಲೆ ಫ್ಯಾಟ್ ನೋಡುವ ಯಂತ್ರ, ಕಂಪ್ಯೂಟರ್ ಚೀಟಿ, ಬ್ಯಾಂಕ್ ಖಾತೆಗೆ ಹಣ. ಯಂತ್ರ ಬಂದ ಮೊದಲ ತಿಂಗಳು ಎಷ್ಟು ಗಲಾಟೆ! ಯಂತ್ರ ಸುಳ್ಳು ಹೇಳುತ್ತದೆ ಎಂದು ಕ್ಯಾನು ಹೊತ್ತು ವಾಪಸು ಹೋದವರೂ ಇದ್ದರು. ಆಗ ಕಾರ್ಯದರ್ಶಿಯವರು ಒಬ್ಬೊಬ್ಬರನ್ನೇ ಒಳಗೆ ಕರೆದು, ಅವರ ಹಾಲನ್ನೇ ಅವರೆದುರು ಎರಡು ಸಲ ಪರೀಕ್ಷೆ ಮಾಡಿ ತೋರಿಸಿದರು. ಯಂತ್ರವನ್ನು ಒಕ್ಕೂಟದವರು ಕೊಟ್ಟರು, ಆದರೆ ಅದನ್ನು ನಂಬುವಂತೆ ಮಾಡಿದ್ದು ಆ ತಾಳ್ಮೆ.

ಅವಿಭಜಿತ ದಕ್ಷಿಣ ಕನ್ನಡದ ಸಹಕಾರಿ ಪಿತಾಮಹ ಎಂದು ಹೆಸರಾದ ಮೊಳಹಳ್ಳಿ ಶಿವರಾಯರ ಹೆಸರಿನಲ್ಲೇ ನಮ್ಮ ಕುಂದಾಪುರ ತಾಲೂಕಿನ ಮೊಳಹಳ್ಳಿ ಇದೆ. ಅಂಥವರು ಹಳ್ಳಿ ಹಳ್ಳಿಗೆ ಸಂಘ ಕಟ್ಟಿದ್ದು ಸಾಲ ಕೊಡಲು ಮಾತ್ರ ಅಲ್ಲ, ಒಬ್ಬನಿಗೆ ಗೊತ್ತಿದ್ದದ್ದು ಹತ್ತು ಜನಕ್ಕೆ ಗೊತ್ತಾಗಲಿ ಎಂದೂ ಹೌದು ಎಂದು ನಾವು ತಿಳಿದಿದ್ದೇವೆ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ನಮ್ಮದೊಂದು ಸಣ್ಣ ಸೂಚನೆ. ಆಡಳಿತ ಮಂಡಳಿಯ ಮುಂದೆಯೂ ಇಟ್ಟಿದ್ದೇವೆ. ಹಾಲು ಅಳೆಯುವ ಮೇಜಿನ ಪಕ್ಕ ಒಂದು ಪುಸ್ತಕ ಇರಲಿ. ಟಿ.ವಿ., ಪೆಟ್ಟಿಗೆ, ಫೋನು, ಬ್ಯಾಂಕಿನ ಸಂದೇಶ, ಯಾವುದು ಅರ್ಥವಾಗದಿದ್ದರೂ ಸದಸ್ಯರು ಅದರಲ್ಲಿ ಹೆಸರು ಬರೆಸಲಿ. ತಿಂಗಳ ಎರಡನೇ ಆದಿತ್ಯವಾರ ಬಲ್ಲ ಹುಡುಗರು ಮತ್ತು ಹುಡುಗಿಯರು ಆ ಮನೆಗೆ ಹೋಗಿ ಬರಲಿ. ದುಡ್ಡು ಬೇಡ. ಮತ್ತು ಪೇಪರಿನಲ್ಲಿ ಏನಾದರೂ ಬಂದ್ ಆಗುವ, ಬದಲಾಗುವ ಸುದ್ದಿ ಬಂದರೆ, ಓದಿದವರು ಸಾಲಿನಲ್ಲಿ ನಿಂತವರಿಗೆ ಕೇಳುವ ಹಾಗೆ ಒಮ್ಮೆ ಗಟ್ಟಿಯಾಗಿ ಓದಲಿ.

ನಾವು ಮೂವರು ಹುಡುಗರ ಹೆಸರನ್ನೂ ನಮ್ಮ ಹೆಸರನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇವೆ. ಉಳಿದ ಪುಟ ಖಾಲಿ ಇದೆ. ಬರವಣಿಗೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕಾಗಿ ವಿನಂತಿ.